ಮಕ್ಕಳಲ್ಲಿ ಕೊಬ್ಬು ಯಕೃತ್ತಿನ ಅಲ್ಟ್ರಾಸೌಂಡ್ ಪತ್ತೆ

ಮಕ್ಕಳಲ್ಲಿ ಕೊಬ್ಬು ಯಕೃತ್ತಿನ ಅಲ್ಟ್ರಾಸೌಂಡ್ ಪತ್ತೆ ಎಂಬುದು ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ಮಕ್ಕಳ ಯಕೃತ್ತಿನಲ್ಲಿ (ಪಿತ್ತಜನಕಾಂಗ, ಲಿವರ್) ಅತಿಯಾಗಿ ಶೇಖರವಾದ ಕೊಬ್ಬನ್ನು ಗುರುತಿಸುವ ವಿಧಾನವಾಗಿದೆ. ಈ ಪರೀಕ್ಷೆಯಲ್ಲಿ ನೋವಾಗಲಿ ವಿಕಿರಣದ ಅಪಾಯವಾಗಲಿ ಇಲ್ಲ; ವೆಚ್ಚ ಕಡಿಮೆ; ತಾಲ್ಲೂಕು ಕೇಂದ್ರಗಳಲ್ಲಿಯೂ ಲಭ್ಯವಿದೆ. ಆದ್ದರಿಂದ ಮಕ್ಕಳ ಕೊಬ್ಬು ಯಕೃತ್ತು ಮೊದಲು ಬೆಳಕಿಗೆ ಬರುವುದು ಸಾಮಾನ್ಯವಾಗಿ ಇದರ ಮೂಲಕವೇ, ಅದೂ ಅನೇಕ ವೇಳೆ ಹೊಟ್ಟೆನೋವಿನಂತಹ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ. ಆದರೆ ಈ ವಿಧಾನಕ್ಕೆ ಎರಡು ಮುಖ್ಯ ಮಿತಿಗಳಿವೆ. ಕೊಬ್ಬಿನ ಪ್ರಮಾಣ ಕಡಿಮೆಯಿದ್ದಾಗ ಅದು ಚಿತ್ರದಲ್ಲಿ ಕಾಣದೆ ಹೋಗಬಹುದು. ಕಂಡಾಗಲೂ ಕೊಬ್ಬು ಏಕೆ ಸೇರಿತು ಎಂಬುದನ್ನು ಚಿತ್ರವು ತಿಳಿಸುವುದಿಲ್ಲ. ಮಕ್ಕಳ ವಿಷಯದಲ್ಲಿ ಎರಡನೆಯ ಮಿತಿ ಹೆಚ್ಚು ಮಹತ್ವದ್ದು. ಸ್ಥೂಲಕಾಯದಿಂದ ಬರುವ ಕೊಬ್ಬು ಯಕೃತ್ತು, ತೀವ್ರ ಅಪೌಷ್ಟಿಕತೆಯಿಂದ ಬರುವ ಕೊಬ್ಬು ಯಕೃತ್ತು ಹಾಗೂ ವಿಲ್ಸನ್ ಕಾಯಿಲೆಯಂತಹ ಆನುವಂಶಿಕ ರೋಗಗಳಿಂದ ಬರುವ ಕೊಬ್ಬು ಯಕೃತ್ತು ಪರದೆಯ ಮೇಲೆ ಒಂದೇ ತೆರನಾಗಿ ಬೆಳ್ಳಗೆ ತೋರಬಹುದು. ಅವುಗಳ ಚಿಕಿತ್ಸೆಗಳು ಮಾತ್ರ ಸಂಪೂರ್ಣವಾಗಿ ಬೇರೆ.

ಹಿನ್ನೆಲೆ

ಯಕೃತ್ತಿನ ಜೀವಕೋಶಗಳಲ್ಲಿ ಶೇ. 5 ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ಕಂಡುಬಂದರೆ ಅದನ್ನು ಕೊಬ್ಬು ಯಕೃತ್ತು ಎಂದು ಪರಿಗಣಿಸಲಾಗುತ್ತದೆ. ಮದ್ಯಪಾನದ ಸಂಬಂಧವಿಲ್ಲದೆ, ಮುಖ್ಯವಾಗಿ ಅಧಿಕ ತೂಕ ಮತ್ತು ಇನ್ಸುಲಿನ್ ಪ್ರತಿರೋಧದಿಂದ ಉಂಟಾಗುವ ಬಗೆಯನ್ನು ಬಹುಕಾಲ ಮದ್ಯಪಾನರಹಿತ ಕೊಬ್ಬು ಯಕೃತ್ತಿನ ರೋಗ (ಎನ್‌ಎಎಫ್‌ಎಲ್‌ಡಿ) ಎಂದು ಕರೆಯಲಾಗುತ್ತಿತ್ತು. 2023ರಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಸಂಘಗಳು ಒಟ್ಟಾಗಿ ಇದಕ್ಕೆ ಚಯಾಪಚಯ ದೋಷ ಸಂಬಂಧಿತ ಕೊಬ್ಬು ಯಕೃತ್ತಿನ ರೋಗ (ಎಂಎಎಸ್‌ಎಲ್‌ಡಿ) ಎಂಬ ಹೊಸ ಹೆಸರನ್ನು ನೀಡಿದವು. ಕುಡಿತದ ಪ್ರಸ್ತಾಪವೇ ಇರಬೇಕಾಗಿಲ್ಲದ ಮಕ್ಕಳ ರೋಗಕ್ಕೆ ಹಳೆಯ ಹೆಸರು ಎಂದೂ ಸರಿಯಾಗಿ ಒಪ್ಪುತ್ತಿರಲಿಲ್ಲ.

ಹೆಚ್ಚಿನ ಮಕ್ಕಳಲ್ಲಿ ಈ ಸ್ಥಿತಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಿಗೆ ಬಲಪಕ್ಕೆಯ ಕೆಳಗೆ ಮಂದ ನೋವು ಅಥವಾ ಆಯಾಸವಿರಬಹುದು. ಕತ್ತಿನ ಹಿಂಭಾಗ ಹಾಗೂ ಕಂಕುಳಿನ ಚರ್ಮ ಕಪ್ಪಾಗಿ ದಪ್ಪಗಾಗುವುದು ಇನ್ಸುಲಿನ್ ಪ್ರತಿರೋಧದ ಗುರುತು. ಮನೆಯವರು ಇದನ್ನು ಕೊಳೆಯೆಂದು ಭಾವಿಸಿ ತಿಕ್ಕಿ ತೊಳೆಯಲು ಯತ್ನಿಸುವುದುಂಟು. ಕೊಬ್ಬು ಸೇರಿದ ಯಕೃತ್ತುಗಳಲ್ಲಿ ಒಂದು ಭಾಗ ಮಾತ್ರ ಉರಿಯೂತಕ್ಕೂ ನಾರುಗಟ್ಟುವಿಕೆಗೂ ತಿರುಗುತ್ತದೆ. ಹಾಗೆ ತಿರುಗಿದಾಗ ಬಾಲ್ಯದಲ್ಲಿಯೇ ಸಿರೋಸಿಸ್ ಉಂಟಾದ ನಿದರ್ಶನಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ.

ಅಮೆರಿಕದ ಸ್ಯಾನ್ ಡಿಯಾಗೋ ಪ್ರದೇಶದಲ್ಲಿ 2ರಿಂದ 19 ವರ್ಷ ವಯಸ್ಸಿನ 742 ಮಕ್ಕಳ ಮರಣೋತ್ತರ ಪರೀಕ್ಷೆಯ ಅಂಗಾಂಶಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವು ಶೇ. 9.6ರಷ್ಟು ಮಕ್ಕಳಲ್ಲಿ, ಸ್ಥೂಲಕಾಯದವರಲ್ಲಿ ಶೇ. 38ರಷ್ಟು ಮಂದಿಯಲ್ಲಿ ಕೊಬ್ಬು ಯಕೃತ್ತು ಇದ್ದುದನ್ನು ತೋರಿಸಿತು. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆಯಲ್ಲಿ ಸ್ಥೂಲಕಾಯವಿಲ್ಲದ ಮಕ್ಕಳಲ್ಲಿ ಶೇ. 12.4 ಹಾಗೂ ಸ್ಥೂಲಕಾಯದ ಮಕ್ಕಳಲ್ಲಿ ಶೇ. 63.4 ಎಂಬ ಪ್ರಮಾಣಗಳು ದೊರೆತವು. ಈ ಎರಡು ಅಧ್ಯಯನಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು: ಮೊದಲನೆಯದು ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿದ್ದು, ಎರಡನೆಯದು ಬಹುಮಟ್ಟಿಗೆ ಅಲ್ಟ್ರಾಸೌಂಡ್ ವರದಿಗಳನ್ನು ಅವಲಂಬಿಸಿದ್ದು.

ಇತಿಹಾಸ

ಯಕೃತ್ತಿನ ರೋಗಗಳಲ್ಲಿ ಅಲ್ಟ್ರಾಸೌಂಡ್ ಚಿತ್ರ ಅಸಹಜವಾಗಿ ಬೆಳ್ಳಗಾಗುವುದನ್ನು ಬ್ರಿಟನ್ನಿನ ಜೋಸೆಫ್, ಡ್ಯೂಬರಿ ಮತ್ತು ಮೆಕ್‌ಗ್ವೈರ್ ಅವರು 1979ರಲ್ಲಿ ವರ್ಣಿಸಿದರು. ‘ಬ್ರೈಟ್ ಲಿವರ್’ ಎಂಬ, ಇಂದಿಗೂ ವರದಿಗಳಲ್ಲಿ ಕಾಣುವ ಪದ ಆ ಲೇಖನದೊಂದಿಗೆ ಬಳಕೆಗೆ ಬಂತು. 1983ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯದ ಮೂವರು ಮಕ್ಕಳಲ್ಲಿ ಕೊಬ್ಬಿನೊಡನೆ ಉರಿಯೂತವೂ ಇದ್ದುದನ್ನು ವರದಿ ಮಾಡಿದ ಮೇಲೆ ಇದು ವಯಸ್ಕರಿಗೆ ಸೀಮಿತವಾದ ರೋಗವಲ್ಲ ಎಂಬುದು ಸ್ಪಷ್ಟವಾಯಿತು. ಶಾಲಾ ಮಕ್ಕಳನ್ನು ಸಾಮೂಹಿಕವಾಗಿ ಪರೀಕ್ಷಿಸಿದ ಆರಂಭದ ಅಧ್ಯಯನಗಳಲ್ಲಿ ಜಪಾನಿನದು ಪ್ರಸಿದ್ಧ. ಅಲ್ಲಿನ ಉತ್ತರ ಭಾಗದಲ್ಲಿ 4ರಿಂದ 12 ವರ್ಷದ 810 ಮಕ್ಕಳಿಗೆ ಅಲ್ಟ್ರಾಸೌಂಡ್ ಮಾಡಿ, ಶೇ. 2.6ರಷ್ಟು ಮಕ್ಕಳಲ್ಲಿ ಕೊಬ್ಬು ಯಕೃತ್ತು ಇರುವುದಾಗಿ 1995ರಲ್ಲಿ ಪ್ರಕಟಿಸಲಾಯಿತು.

ಕಾರ್ಯತತ್ತ್ವ

ಮನುಷ್ಯನ ಕಿವಿಗೆ ಕೇಳಿಸುವ ಮಿತಿಯಾದ 20,000 ಹರ್ಟ್ಸ್‌ಗಿಂತ ಹೆಚ್ಚಿನ ಕಂಪನಾಂಕದ ಧ್ವನಿಯೇ ಅಲ್ಟ್ರಾಸೌಂಡ್. ಯಕೃತ್ತಿನ ಪರೀಕ್ಷೆಗೆ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್, ಚಿಕ್ಕ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ಕಂಪನಾಂಕವನ್ನು ಬಳಸಲಾಗುತ್ತದೆ. ಪ್ರೋಬ್ ಹೊರಡಿಸಿದ ಧ್ವನಿ ಅಂಗಾಂಶಗಳಲ್ಲಿ ಸಾಗುತ್ತ ಅಲ್ಲಲ್ಲಿ ಚದುರಿ, ಪ್ರತಿಫಲಿಸಿ ಹಿಂದಿರುಗುತ್ತದೆ. ಹಿಂದಿರುಗಿದ ಧ್ವನಿ ಹೆಚ್ಚಿದಷ್ಟೂ ಪರದೆಯ ಮೇಲಿನ ಬಿಂದು ಬೆಳ್ಳಗಾಗುತ್ತದೆ.

ಆರೋಗ್ಯವಂತ ಯಕೃತ್ತು ಮಧ್ಯಮ ಬೂದುಬಣ್ಣದಲ್ಲಿ, ಬಲ ಮೂತ್ರಪಿಂಡದ ತೊಗಟೆಗೆ ಸಮನಾಗಿ ಅಥವಾ ಅದಕ್ಕಿಂತ ತುಸು ಬೆಳ್ಳಗೆ ಕಾಣುತ್ತದೆ. ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿದಾಗ ಎರಡು ಪರಿಣಾಮಗಳುಂಟಾಗುತ್ತವೆ. ಹನಿಗಳು ಧ್ವನಿಯನ್ನು ಹೆಚ್ಚು ಚದುರಿಸುವುದರಿಂದ ಪ್ರೋಬಿಗೆ ಸಮೀಪದ ಭಾಗ ಬೆಳ್ಳಗಾಗುತ್ತದೆ. ಧ್ವನಿಯ ಶಕ್ತಿ ಅಲ್ಲಿಯೇ ಕುಂದುವುದರಿಂದ ಆಳದ ಭಾಗ ಮಸುಕಾಗುತ್ತದೆ. ಹೀಗಾಗಿ ಕೊಬ್ಬು ತೀರ ಹೆಚ್ಚಿದ ಯಕೃತ್ತಿನ ಮೇಲ್ಭಾಗ ಬೆಳ್ಳಗೂ ಹಿಂಭಾಗ ಕತ್ತಲಾಗಿಯೂ ತೋರುತ್ತದೆ. ಅದರ ಹಿಂದಿರುವ ವಪೆಯ ಗೆರೆ ಅಳಿಸಿದಂತಾಗುತ್ತದೆ.

ಪರೀಕ್ಷೆಯ ವಿಧಾನ

ದೊಡ್ಡ ಮಕ್ಕಳು ಪರೀಕ್ಷೆಗೆ ಮುನ್ನ ಸುಮಾರು 4ರಿಂದ 6 ಗಂಟೆ ಏನನ್ನೂ ತಿನ್ನದಿರುವಂತೆ ಸೂಚಿಸಲಾಗುತ್ತದೆ. ಹಸುಗೂಸುಗಳಿಗೆ ಒಂದು ಹೊತ್ತಿನ ಹಾಲನ್ನು ಮುಂದೂಡಿದರೆ ಸಾಕು. ಉಪವಾಸದ ಉದ್ದೇಶ ಪಿತ್ತಕೋಶವು ತುಂಬಿಕೊಂಡು ಸ್ಪಷ್ಟವಾಗಿ ಕಾಣುವುದು ಹಾಗೂ ಕರುಳಿನ ವಾಯು ಅಡ್ಡಬಾರದಿರುವುದು; ಕೊಬ್ಬನ್ನು ಮಾತ್ರ ನೋಡಲು ಅದು ಅನಿವಾರ್ಯವಲ್ಲ. ಮಗುವನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಜೆಲ್ ಹಚ್ಚಿ, ಬಲಪಕ್ಕೆಯ ಕೆಳಗಿನಿಂದ ಹಾಗೂ ಪಕ್ಕೆಲುಬುಗಳ ನಡುವಿನಿಂದ ನೋಡಲಾಗುತ್ತದೆ. ಎಡಮಗ್ಗುಲಿಗೆ ತಿರುಗಿಸಿ ಆಳವಾಗಿ ಉಸಿರೆಳೆದುಕೊಳ್ಳಲು ಹೇಳಿದಾಗ ಯಕೃತ್ತು ಕೆಳಗಿಳಿದು ಮೂತ್ರಪಿಂಡದೊಡನೆ ಒಂದೇ ಚೌಕಟ್ಟಿನಲ್ಲಿ ದೊರೆಯುತ್ತದೆ. ಈ ಜೋಡಿ ಚಿತ್ರವೇ ತೀರ್ಮಾನದ ಆಧಾರ. ಅಳುವ, ಉಸಿರು ಹಿಡಿಯಲಾರದ ಚಿಕ್ಕ ಮಗುವಿನಲ್ಲಿ ಇದನ್ನು ಪಡೆಯಲು ತಾಳ್ಮೆ ಬೇಕಾಗುತ್ತದೆ.

ವರದಿಯಲ್ಲಿ ಕೊಬ್ಬನ್ನು ಮೂರು ದರ್ಜೆಗಳಲ್ಲಿ ನಮೂದಿಸುವ ರೂಢಿಯಿದೆ. ಮೊದಲ ದರ್ಜೆಯಲ್ಲಿ ಯಕೃತ್ತು ಮೂತ್ರಪಿಂಡಕ್ಕಿಂತ ಸ್ವಲ್ಪ ಹೆಚ್ಚು ಬೆಳ್ಳಗಿದ್ದು, ಒಳಗಿನ ರಕ್ತನಾಳಗಳ ಗೋಡೆಗಳು ಹಾಗೂ ವಪೆ ಸ್ಪಷ್ಟವಾಗಿರುತ್ತವೆ. ಎರಡನೆಯದರಲ್ಲಿ ರಕ್ತನಾಳಗಳ ಗೋಡೆಗಳು ಮತ್ತು ವಪೆಯ ಗೆರೆ ಮಂಕಾಗುತ್ತವೆ. ಮೂರನೆಯದರಲ್ಲಿ ಅವು ಬಹುತೇಕ ಕಾಣುವುದಿಲ್ಲ. ಬಲಹಾಲೆಯ ಹಿಂಭಾಗವೂ ಗೋಚರಿಸುವುದಿಲ್ಲ. ಈ ದರ್ಜೆಗಳು ಕೊಬ್ಬಿನ ಅಂದಾಜನ್ನು ಮಾತ್ರ ಸೂಚಿಸುತ್ತವೆ. ಉರಿಯೂತವಿದೆಯೇ, ನಾರುಗಟ್ಟಿದೆಯೇ ಎಂಬುದು ಇವುಗಳಿಂದ ತಿಳಿಯದು. ‘ಗ್ರೇಡ್ 1’ ಎಂಬುದನ್ನು ರೋಗದ ಮೊದಲ ಹಂತವೆಂದೂ ‘ಗ್ರೇಡ್ 3’ ಎಂಬುದನ್ನು ಕೊನೆಯ ಹಂತವೆಂದೂ ಓದುವುದು ಸಾಮಾನ್ಯವಾದ, ಆದರೆ ಆಧಾರವಿಲ್ಲದ ತಿಳಿವಳಿಕೆ. ಮೊದಲ ದರ್ಜೆಯ ಕೊಬ್ಬಿರುವ ಮಗುವಿನಲ್ಲಿ ನಾರುಗಟ್ಟುವಿಕೆ ಮುಂದುವರಿದಿರಬಹುದು; ಮೂರನೆಯ ದರ್ಜೆಯ ಮಗುವಿನಲ್ಲಿ ಅದು ಇಲ್ಲದಿರಬಹುದು.

ನಿಖರತೆ ಮತ್ತು ಮಿತಿಗಳು

ಯಕೃತ್ತಿನಲ್ಲಿ ಕೊಬ್ಬು ಸುಮಾರು ಶೇ. 20ರಿಂದ 30ನ್ನು ಮೀರಿದಾಗ ಅಲ್ಟ್ರಾಸೌಂಡ್ ಅದನ್ನು ಚೆನ್ನಾಗಿ ಗುರುತಿಸುತ್ತದೆ. ರೋಗದ ವ್ಯಾಖ್ಯೆ ಆರಂಭವಾಗುವುದು ಶೇ. 5ರಿಂದ. ಈ ಎರಡರ ನಡುವೆ ಬರುವ ಮಕ್ಕಳ ವರದಿ ‘ಸಹಜ’ ಎಂದು ಬರುವ ಸಾಧ್ಯತೆಯಿದೆ. ಆದ್ದರಿಂದ ಸಹಜ ವರದಿಯು ಕೊಬ್ಬು ಯಕೃತ್ತು ಇಲ್ಲವೆಂಬುದಕ್ಕೆ ಪುರಾವೆಯಾಗದು.

ಮಕ್ಕಳ ಕುರಿತು ನಡೆದ ಅಧ್ಯಯನಗಳನ್ನು ಪರಿಶೀಲಿಸಿದ 2014ರ ವಿಮರ್ಶೆಯೊಂದು ಅಲ್ಟ್ರಾಸೌಂಡ್‌ನಲ್ಲಿ ಕೊಬ್ಬು ಯಕೃತ್ತು ಇದೆಯೆಂದು ಹೇಳಲಾದ ಮಕ್ಕಳ ಪೈಕಿ ಶೇ. 47ರಿಂದ 62ರಷ್ಟು ಮಂದಿಯಲ್ಲಿ ಮಾತ್ರ ಅದು ನಿಜವಾಗಿತ್ತು ಎಂದು ಲೆಕ್ಕ ಹಾಕಿತು. ಇದಕ್ಕೆ ವಿರುದ್ಧವಾಗಿ, 2011ರಲ್ಲಿ ಇಟಲಿಯ ವೈದ್ಯರು ಸೇರಿದಂತೆ ಒಂದು ತಂಡವು ಬಯಾಪ್ಸಿಯಾದ 208 ಮಕ್ಕಳ ಅಲ್ಟ್ರಾಸೌಂಡ್ ಅಂಕಗಳನ್ನು ಅಂಗಾಂಶದ ಫಲಿತಾಂಶದೊಡನೆ ಹೋಲಿಸಿ, ಎರಡಕ್ಕೂ ಉತ್ತಮ ಹೊಂದಾಣಿಕೆಯಿದೆ ಎಂದು ತೋರಿಸಿತ್ತು. ಆದರೆ ಆ ಮಕ್ಕಳೆಲ್ಲರೂ ಕೊಬ್ಬು ಯಕೃತ್ತಿನ ರೋಗಿಗಳೇ ಆಗಿದ್ದರು. ಕೊಬ್ಬು ಹೆಚ್ಚಾಗಿರುವ ಗುಂಪಿನಲ್ಲಿ ಉತ್ತಮವಾಗಿ ತೋರುವ ಪರೀಕ್ಷೆ, ಲಕ್ಷಣವಿಲ್ಲದ ಶಾಲಾ ಮಕ್ಕಳ ನಡುವೆ ಅಷ್ಟೇ ವಿಶ್ವಾಸಾರ್ಹವಾಗಿರುವುದಿಲ್ಲ.

ಮಕ್ಕಳಿಗೇ ವಿಶಿಷ್ಟವಾದ ತೊಡಕುಗಳೂ ಇವೆ. ನವಜಾತ ಶಿಶುಗಳಲ್ಲಿ ಹಾಗೂ ಮೊದಲ ಕೆಲವು ತಿಂಗಳುಗಳಲ್ಲಿ ಮೂತ್ರಪಿಂಡದ ತೊಗಟೆ ಸಹಜವಾಗಿಯೇ ಯಕೃತ್ತಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಬೆಳ್ಳಗಿರುತ್ತದೆ. ಆ ವಯಸ್ಸಿನಲ್ಲಿ ಎರಡನ್ನೂ ಹೋಲಿಸುವ ವಿಧಾನ ಪ್ರಯೋಜನಕ್ಕೆ ಬಾರದು. ಮೂತ್ರಪಿಂಡದ ರೋಗವಿರುವ ಮಗುವಿನಲ್ಲಿಯೂ ಹೋಲಿಕೆ ದಾರಿತಪ್ಪಿಸುತ್ತದೆ. ಸ್ಥೂಲಕಾಯದ ಮಕ್ಕಳಲ್ಲಿ ಚರ್ಮದಡಿಯ ದಪ್ಪ ಕೊಬ್ಬು ಧ್ವನಿಯನ್ನು ಯಕೃತ್ತು ತಲಪುವ ಮೊದಲೇ ಕುಂದಿಸುತ್ತದೆ. ಪರೀಕ್ಷೆ ಯಾರಿಗೆ ಹೆಚ್ಚು ಅಗತ್ಯವೋ ಅವರಲ್ಲಿಯೇ ಚಿತ್ರ ಕಳಪೆಯಾಗುತ್ತದೆ. ಯಂತ್ರದ ಗೇನ್ ಹೆಚ್ಚಿಸಿದರೆ ಸಹಜ ಯಕೃತ್ತೂ ಬೆಳ್ಳಗಾಗುವುದರಿಂದ, ಒಂದೇ ಮಗುವನ್ನು ಇಬ್ಬರು ನೋಡಿದಾಗ ದರ್ಜೆ ಬದಲಾಗುವುದು ಅಪರೂಪವಲ್ಲ. ಪಿತ್ತಕೋಶದ ಪಕ್ಕದಂತಹ ಕೆಲವು ಜಾಗಗಳಲ್ಲಿ ಕೊಬ್ಬು ಸೇರದೆ ಉಳಿದು ಕಪ್ಪು ತೇಪೆಯಂತೆ ತೋರುವುದುಂಟು. ಅದನ್ನು ಗಡ್ಡೆಯೆಂದು ತಪ್ಪು ತಿಳಿಯುವ ಅಪಾಯವಿದೆ.

ಬಿಳಿ ಯಕೃತ್ತಿನ ಇತರ ಕಾರಣಗಳು

ವಯಸ್ಕರಲ್ಲಿ ಬೆಳ್ಳಗಿನ ಯಕೃತ್ತು ಕಂಡಾಗ ತೂಕ, ಮಧುಮೇಹ, ಮದ್ಯಪಾನಗಳ ಕಡೆಗೆ ಗಮನ ಹರಿಯುತ್ತದೆ. ಮಕ್ಕಳಲ್ಲಿ, ಅದರಲ್ಲಿಯೂ ತೆಳ್ಳಗಿರುವ ಅಥವಾ ತೀರ ಚಿಕ್ಕ ಮಕ್ಕಳಲ್ಲಿ, ಕಾರಣಗಳ ಪಟ್ಟಿ ಬೇರೆಯೇ ಆಗಿರುತ್ತದೆ.

ವಿಲ್ಸನ್ ಕಾಯಿಲೆ ಇವುಗಳಲ್ಲಿ ಮುಖ್ಯವಾದುದು. ಎಟಿಪಿ7ಬಿ ಎಂಬ ವಂಶವಾಹಿಯ ದೋಷದಿಂದ ತಾಮ್ರವು ದೇಹದಿಂದ ಹೊರಹೋಗದೆ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಸಂಗ್ರಹವಾಗುತ್ತದೆ. ಅದರ ಆರಂಭದಲ್ಲಿ ಯಕೃತ್ತಿಗೆ ಕೊಬ್ಬು ಸೇರುವುದು ಸಾಮಾನ್ಯ. ಬಯಾಪ್ಸಿಯಲ್ಲಿಯೂ ಅದು ಸ್ಥೂಲಕಾಯದ ಕೊಬ್ಬು ಯಕೃತ್ತನ್ನೇ ಹೋಲಬಹುದು. ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಗಳ ಮೂತ್ರದ ತಾಮ್ರ ಹಾಗೂ ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆಗಳಿಂದ ಇದನ್ನು ಪತ್ತೆಹಚ್ಚುತ್ತಾರೆ. ಕಣ್ಣಿನ ಕರಿಗುಡ್ಡೆಯ ಸುತ್ತ ಕಾಣುವ ಕೈಸರ್-ಫ್ಲೈಶರ್ ಉಂಗುರ ಯಕೃತ್ತಿನ ಹಂತದಲ್ಲಿರುವ ಮಕ್ಕಳಲ್ಲಿ ಇಲ್ಲದಿರಬಹುದು. ಬೇಗ ಗುರುತಿಸಿದರೆ ಪೆನಿಸಿಲಮೈನ್, ಸತು ಮೊದಲಾದ ಔಷಧಿಗಳಿಂದ ಮಗು ಸಹಜ ಜೀವನ ನಡೆಸಬಲ್ಲದು. ತಡವಾದರೆ ಯಕೃತ್ತು ವಿಫಲವಾಗಬಹುದು ಅಥವಾ ನಡುಕ, ತೊದಲು, ಬಿಗಿತಗಳು ಶಾಶ್ವತವಾಗಿ ಉಳಿಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ರೋಗದ ಅಧ್ಯಯನಕ್ಕೆ ಹೆಸರಾಗಿದ್ದು, ಮೂರು ದಶಕಗಳಲ್ಲಿ ಅಲ್ಲಿ ಪರೀಕ್ಷಿಸಲಾದ 282 ರೋಗಿಗಳ ವಿವರಣೆಯನ್ನು 2007ರಲ್ಲಿ ಪ್ರಕಟಿಸಿತು.

ಗ್ಲೈಕೋಜನ್ ಶೇಖರಣಾ ರೋಗಗಳು, ಹಣ್ಣಿನ ಸಕ್ಕರೆಯನ್ನು ಸಹಿಸಲಾಗದ ಆನುವಂಶಿಕ ಸ್ಥಿತಿ, ಲೈಸೋಸೋಮಲ್ ಆಮ್ಲ ಲೈಪೇಸ್ ಕೊರತೆ, ಸೀಲಿಯಾಕ್ ಕಾಯಿಲೆ ಹಾಗೂ ಹೆಪಟೈಟಿಸ್ ಸಿ ಕೂಡ ಯಕೃತ್ತನ್ನು ಬೆಳ್ಳಗಾಗಿಸಬಲ್ಲವು. ಸ್ಟೀರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್, ಮೆಥೊಟ್ರೆಕ್ಸೇಟ್ ಮೊದಲಾದ ಔಷಧಿಗಳ ಬಳಕೆಯನ್ನೂ ವಿಚಾರಿಸಬೇಕಾಗುತ್ತದೆ.

ಇನ್ನೊಂದು ಕಾರಣ ಹಸಿವು. ಸಿಸಿಲಿ ವಿಲಿಯಮ್ಸ್ ಅವರು 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ (ಇಂದಿನ ಘಾನಾ) ವರ್ಣಿಸಿದ ಕ್ವಾಶಿಯೋರ್ಕರ್ ಎಂಬ ತೀವ್ರ ಅಪೌಷ್ಟಿಕತೆಯಲ್ಲಿ, ಕೈಕಾಲು ಊದಿಕೊಂಡು ಕೃಶವಾದ ಮಗುವಿನ ಯಕೃತ್ತು ಕೊಬ್ಬಿನಿಂದ ತುಂಬಿ ದೊಡ್ಡದಾಗುತ್ತದೆ. ಯಕೃತ್ತಿನಿಂದ ಕೊಬ್ಬನ್ನು ಹೊರಗೆ ಸಾಗಿಸುವ ಕ್ರಿಯೆ ಕುಂಠಿತವಾಗುವುದು ಇದಕ್ಕೆ ನೀಡಲಾಗುವ ವಿವರಣೆಗಳಲ್ಲೊಂದು. ಇಂತಹ ಮಕ್ಕಳ ಕೊಬ್ಬನ್ನು ಅಲ್ಟ್ರಾಸೌಂಡ್‌ನಿಂದ ಅಳೆದ ಅಧ್ಯಯನಗಳು 1990ರ ದಶಕದಲ್ಲಿಯೇ ನಡೆದಿವೆ. ಅತಿಯಾಗಿ ಉಂಡ ಮಗುವಿಗೂ ಉಣ್ಣಲಿಲ್ಲದ ಮಗುವಿಗೂ ಒಂದೇ ಬಗೆಯ ಚಿತ್ರ ದೊರೆಯುವುದು ಈ ಪರೀಕ್ಷೆಯ ವಿಚಿತ್ರಗಳಲ್ಲೊಂದು.

ಮಾರ್ಗಸೂಚಿಗಳು

ಅಲ್ಟ್ರಾಸೌಂಡನ್ನು ತಪಾಸಣೆಯ ಮೊದಲ ಹೆಜ್ಜೆಯಾಗಿ ಬಳಸಬಹುದೇ ಎಂಬ ಬಗ್ಗೆ ತಜ್ಞ ಸಂಘಗಳಲ್ಲಿ ಭಿನ್ನಾಭಿಪ್ರಾಯವಿದೆ. ಮಕ್ಕಳ ಜಠರ ಮತ್ತು ಯಕೃತ್ ತಜ್ಞರ ಯುರೋಪಿನ ಸಂಘವು 2012ರಲ್ಲಿ, ಸ್ಥೂಲಕಾಯದ ಮಕ್ಕಳಿಗೆ ರಕ್ತದ ಯಕೃತ್ ಪರೀಕ್ಷೆಗಳ ಜೊತೆಗೆ ಅಲ್ಟ್ರಾಸೌಂಡನ್ನೂ ಮಾಡುವಂತೆ ಸಲಹೆ ನೀಡಿತು. ಉತ್ತರ ಅಮೆರಿಕದ ಸಂಘವು 2017ರಲ್ಲಿ ಇದಕ್ಕೆ ವ್ಯತಿರಿಕ್ತವಾದ ನಿಲುವು ತಳೆಯಿತು. ಅದರ ಪ್ರಕಾರ 9ರಿಂದ 11 ವರ್ಷ ವಯಸ್ಸಿನಲ್ಲಿ ಸ್ಥೂಲಕಾಯದ ಎಲ್ಲ ಮಕ್ಕಳಿಗೂ, ಅಧಿಕ ತೂಕದೊಡನೆ ಇತರ ಅಪಾಯಾಂಶಗಳಿರುವ ಮಕ್ಕಳಿಗೂ ರಕ್ತದ ಎಎಲ್‌ಟಿ ಪರೀಕ್ಷೆ ಮಾಡಬೇಕು. ಅಲ್ಟ್ರಾಸೌಂಡಿನ ಸೂಕ್ಷ್ಮತೆ ಸಾಲದಿರುವುದರಿಂದ ಅದನ್ನು ವಾಡಿಕೆಯ ತಪಾಸಣೆಗೆ ಬಳಸಬಾರದು.

ಎಎಲ್‌ಟಿ ಪರೀಕ್ಷೆಗೂ ತನ್ನದೇ ಆದ ಕುಂದಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಆರೋಗ್ಯವಂತ ಮಕ್ಕಳಲ್ಲಿ ಇದರ ಮೇಲ್ಮಿತಿ ಹುಡುಗರಿಗೆ ಸುಮಾರು 26, ಹುಡುಗಿಯರಿಗೆ 22 ಯೂನಿಟ್ ಎಂದು ನಿರ್ಧರಿಸಿತು. ಪ್ರಯೋಗಾಲಯಗಳ ವರದಿಗಳಲ್ಲಿ ಅಚ್ಚಾಗಿರುವ ಮಿತಿ ಸಾಮಾನ್ಯವಾಗಿ ವಯಸ್ಕರದು. ಅದು 40 ಅಥವಾ ಅದಕ್ಕೂ ಹೆಚ್ಚಿರುತ್ತದೆ. ಎಎಲ್‌ಟಿ 38 ಇರುವ ಹತ್ತು ವರ್ಷದ ಹುಡುಗಿಯ ವರದಿಯಲ್ಲಿ ಯಾವ ಎಚ್ಚರಿಕೆಯ ಗುರುತೂ ಇರುವುದಿಲ್ಲ. ಎಎಲ್‌ಟಿ ಸಹಜವಾಗಿರುವ ಮಕ್ಕಳಲ್ಲಿಯೂ ಕೊಬ್ಬು ಯಕೃತ್ತು ಇರಬಹುದಾದ್ದರಿಂದ ಎರಡು ಪರೀಕ್ಷೆಗಳಲ್ಲಿ ಯಾವುದೊಂದೂ ಇನ್ನೊಂದರ ಸ್ಥಾನವನ್ನು ಪೂರ್ಣವಾಗಿ ತುಂಬಲಾರದು.

ಭಾರತದಲ್ಲಿ ಯಾರನ್ನು ಅಧಿಕ ತೂಕದವರೆಂದು ಎಣಿಸಬೇಕು ಎಂಬುದೂ ಮುಖ್ಯ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 2015ರಲ್ಲಿ ಹೊರತಂದ 5ರಿಂದ 18 ವರ್ಷದವರ ಬೆಳವಣಿಗೆಯ ನಕ್ಷೆಗಳಲ್ಲಿ, ವಯಸ್ಕರ 23 ಮತ್ತು 27ರ ದೇಹ ದ್ರವ್ಯರಾಶಿ ಸೂಚ್ಯಂಕಕ್ಕೆ (ಬಿಎಂಐ) ಸಮನಾದ ಗೆರೆಗಳನ್ನು ಅಧಿಕ ತೂಕ ಹಾಗೂ ಸ್ಥೂಲಕಾಯದ ಗಡಿಗಳನ್ನಾಗಿ ಇರಿಸಲಾಗಿದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಚಯಾಪಚಯ ದೋಷಗಳು ತಲೆದೋರುವುದು ಇದಕ್ಕೆ ಕಾರಣ.

ಕರ್ನಾಟಕ ಮತ್ತು ಚಿತ್ತಾಪುರ ಪ್ರದೇಶ

ತೆಳ್ಳಗಿನ ದೇಹದಲ್ಲಿಯೂ ಕೊಬ್ಬಿನ ಪಾಲು ಹೆಚ್ಚಿರಬಹುದೆಂಬ ತಿಳಿವಳಿಕೆಗೆ ಕರ್ನಾಟಕದ ಕೊಡುಗೆಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ‘ಮೈಸೂರು ಪಾರ್ಥೆನಾನ್’ ಅಧ್ಯಯನವು, ಬ್ರಿಟನ್ನಿನ ಶಿಶುಗಳಿಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಇಲ್ಲಿನ ಶಿಶುಗಳಲ್ಲಿ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆಯಾಗಿರುವುದಿಲ್ಲ, ಆ ಪ್ರವೃತ್ತಿ ಬಾಲ್ಯದಲ್ಲಿಯೂ ಮುಂದುವರಿಯುತ್ತದೆ ಎಂದು ತೋರಿಸಿತು. ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಕುರಿತು ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ನಿರ್ಣಯವೂ ಇಂತಹದೇ ಆಗಿತ್ತು.

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳನ್ನೂ ವಾಡಿ ಪಟ್ಟಣವನ್ನೂ ಒಳಗೊಂಡ ಸೀಮೆಯಲ್ಲಿ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಎದುರಾಗುತ್ತವೆ. ತೊಗರಿ ಮತ್ತು ಜೋಳ ಬೆಳೆಯುವ ಮಳೆಯಾಶ್ರಿತ ಹಳ್ಳಿಗಳು, ಹಾಸುಗಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳ ವಸತಿ ಕಾಲೊನಿಗಳು ಹಾಗೂ ವಾಡಿ ಜಂಕ್ಷನ್‌ನಂತಹ ರೈಲ್ವೆ ನೆಲೆಗಳು ಇಲ್ಲಿ ಹತ್ತಿರ ಹತ್ತಿರವೇ ಇವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮಕ್ಕಳ ಅಪೌಷ್ಟಿಕತೆಯಲ್ಲಿ ರಾಜ್ಯದ ಸರಾಸರಿಗಿಂತ ಹಿಂದುಳಿದಿವೆ. ಶಾಲೆಗಳ ಬಿಸಿಯೂಟವಾದ ಅಕ್ಷರ ದಾಸೋಹ ಯೋಜನೆಯನ್ನು 2002ರಲ್ಲಿ ಮೊದಲು ಈ ಭಾಗದ ಜಿಲ್ಲೆಗಳಲ್ಲಿಯೇ ಆರಂಭಿಸಲಾಯಿತು. ಜೊತೆಜೊತೆಗೆ ಪೊಟ್ಟಣದ ಕುರುಕಲು, ತಂಪು ಪಾನೀಯ ಹಾಗೂ ಬೇಕರಿ ತಿನಿಸುಗಳು ಹಳ್ಳಿಯ ಕಿರಾಣಿ ಅಂಗಡಿಗಳನ್ನೂ ತಲಪಿವೆ. ಬಾಲ್ಯದಲ್ಲಿ ಕುಂಠಿತವಾಗಿ ಬೆಳೆದು ನಂತರ ತೂಕ ಏರಿಸಿಕೊಂಡ ಮಗು ನೋಟಕ್ಕೆ ದಪ್ಪಗಿರದೆಯೂ ಹೊಟ್ಟೆಯ ಸುತ್ತ ಕೊಬ್ಬನ್ನು ಹೊಂದಿರಬಹುದು. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಿದೆಯೇ ಎಂದು ಟೇಪಿನಿಂದ ಅಳೆಯುವುದು ಇಂತಹ ಮಕ್ಕಳಲ್ಲಿ ತೂಕಕ್ಕಿಂತ ಹೆಚ್ಚಿನ ಸುಳಿವು ನೀಡುತ್ತದೆ.

ಇನ್ನೊಂದು ಸಂಗತಿ ಸೋದರ ಸಂಬಂಧದ ಮದುವೆ. ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧಿಗಳ ನಡುವೆ ನಡೆಯುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಹಳೆಯದು. ವಿಲ್ಸನ್ ಕಾಯಿಲೆ, ಗ್ಲೈಕೋಜನ್ ಶೇಖರಣಾ ರೋಗ ಮೊದಲಾದವು ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಪ್ರಕಟವಾಗುವುದರಿಂದ ಇಂತಹ ಕುಟುಂಬಗಳಲ್ಲಿ ಅವುಗಳ ಸಾಧ್ಯತೆ ಹೆಚ್ಚು. ತೆಳ್ಳಗಿರುವ ಮಗುವಿನ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದಾಗ ತಂದೆತಾಯಿಯ ಸಂಬಂಧವನ್ನೂ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಕಾಮಾಲೆಯಿಂದ ತೀರಿಕೊಂಡರೇ ಎಂಬುದನ್ನೂ ಕೇಳುವುದು ಅಗತ್ಯ. ವಿಲ್ಸನ್ ಕಾಯಿಲೆ ಖಚಿತವಾದರೆ ಒಡಹುಟ್ಟಿದವರೆಲ್ಲರನ್ನೂ ಪರೀಕ್ಷಿಸಬೇಕಾಗುತ್ತದೆ. ಅವರಲ್ಲಿ ಪ್ರತಿಯೊಬ್ಬರಿಗೂ ರೋಗವಿರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಪರೀಕ್ಷೆಯ ಲಭ್ಯತೆಗೂ ಸ್ಥಳೀಯ ಮುಖವಿದೆ. ತಾಲ್ಲೂಕು ಮಟ್ಟದ ಅಲ್ಟ್ರಾಸೌಂಡ್ ಯಂತ್ರಗಳ ಬಹುಪಾಲು ಸಮಯ ಗರ್ಭಿಣಿಯರ ಪರೀಕ್ಷೆಗೆ ಹೋಗುತ್ತದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯ ಅನ್ವಯ ಪ್ರತಿ ಯಂತ್ರವೂ ನಿಗದಿತ ಸ್ಥಳದಲ್ಲಿ ನೋಂದಣಿಯಾಗಿರಬೇಕು. 2012ರ ನಿಯಮಗಳು ಒಯ್ಯಬಹುದಾದ ಯಂತ್ರಗಳನ್ನು ನೋಂದಾಯಿತ ಆವರಣದ ಒಳಗೆ ಅಥವಾ ಇತರ ಸೇವೆಗಳನ್ನೂ ನೀಡುವ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಲು ಅವಕಾಶ ನೀಡುತ್ತವೆ. ಹೀಗಾಗಿ ಜಪಾನಿನಲ್ಲಿ ನಡೆದಂತೆ ಶಾಲೆಗೆ ಯಂತ್ರವನ್ನು ಒಯ್ದು ಮಕ್ಕಳನ್ನು ಸಾಲಾಗಿ ಪರೀಕ್ಷಿಸುವುದು ಇಲ್ಲಿ ಸುಲಭಸಾಧ್ಯವಲ್ಲ. ಲಿಂಗ ಅನುಪಾತದ ಹಿನ್ನೆಲೆಯಲ್ಲಿ ಆ ನಿರ್ಬಂಧಕ್ಕೆ ಬಲವಾದ ಕಾರಣವಿದೆ. ಮಕ್ಕಳ ಯಕೃತ್ತಿನ ತಪಾಸಣೆಗಾಗಿ ಅದನ್ನು ಸಡಿಲಿಸಬೇಕೆನ್ನಲು, ಪರೀಕ್ಷೆಯ ನಿಖರತೆಯನ್ನು ನೋಡಿದರೆ, ಆಧಾರ ಸಾಲದು. ಅಳತೆಯ ಟೇಪು, ತೂಕದ ಯಂತ್ರ ಮತ್ತು ರಕ್ತದ ಮಾದರಿಗಳಿಗೆ ಇಂತಹ ಅಡ್ಡಿಯಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಕೇಂದ್ರ ಸರ್ಕಾರವು 2021ರ ಫೆಬ್ರುವರಿಯಲ್ಲಿ ಕೊಬ್ಬು ಯಕೃತ್ತಿನ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತಾದರೂ ಅದರ ಒತ್ತು ಮುಖ್ಯವಾಗಿ ವಯಸ್ಕರ ಮೇಲಿದೆ.

ಹೆಚ್ಚಿನ ಪರೀಕ್ಷೆಗಾಗಿ ಈ ಭಾಗದ ಮಕ್ಕಳು ಸಾಮಾನ್ಯವಾಗಿ ಕಲಬುರಗಿಗೆ ಹೋಗುತ್ತಾರೆ. ಅಲ್ಲಿ ಸರ್ಕಾರಿ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್), 1963ರಲ್ಲಿ ಸ್ಥಾಪನೆಯಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಹಾಗೂ ಕಾರ್ಮಿಕರ ರಾಜ್ಯ ವಿಮಾ ನಿಗಮದ (ಇಎಸ್‌ಐ) ವೈದ್ಯಕೀಯ ಕಾಲೇಜುಗಳಿವೆ. ವಿಮೆಗೆ ಒಳಪಟ್ಟ ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ ಕೊನೆಯದರಲ್ಲಿ ಚಿಕಿತ್ಸೆಯ ಸೌಲಭ್ಯವಿದೆ. ಚಿತ್ತಾಪುರ ಮತ್ತು ಸೇಡಂ ವಾಡಿ-ಸಿಕಂದರಾಬಾದ್ ರೈಲುಮಾರ್ಗದ ಮೇಲಿರುವುದರಿಂದ ಹಾಗೂ ಚಿಂಚೋಳಿ ತೆಲಂಗಾಣದ ಗಡಿಗೆ ತಾಗಿರುವುದರಿಂದ ಅನೇಕರು ಹೈದರಾಬಾದಿಗೂ ತೆರಳುತ್ತಾರೆ. ಊರಿನ ಸ್ಕ್ಯಾನಿಂಗ್, ಕಲಬುರಗಿಯ ಸ್ಕ್ಯಾನಿಂಗ್, ಹೈದರಾಬಾದಿನ ಸ್ಕ್ಯಾನಿಂಗ್ ಎಂದು ಮೂರು ವರದಿಗಳನ್ನು ಮುಂದಿಟ್ಟುಕೊಂಡು ದರ್ಜೆ ಏರಿತೇ ಇಳಿಯಿತೇ ಎಂದು ಹೋಲಿಸುವುದು ಪ್ರಯೋಜನಕಾರಿಯಲ್ಲ; ಯಂತ್ರ ಮತ್ತು ಪರೀಕ್ಷಕರು ಬದಲಾದುದೇ ಆ ವ್ಯತ್ಯಾಸಕ್ಕೆ ಕಾರಣವಾಗಿರಬಹುದು. ವರದಿಯ ಹಾಳೆಯೊಡನೆ ಚಿತ್ರಗಳನ್ನೂ ಜೋಪಾನವಾಗಿಟ್ಟರೆ ಮುಂದಿನ ವೈದ್ಯರು ತಾವೇ ಹೋಲಿಸಿ ನೋಡಬಲ್ಲರು.

ಪತ್ತೆಯಾದ ನಂತರ

ಬೆಳ್ಳಗಿನ ಯಕೃತ್ತು ಕಂಡ ಮಗುವಿನ ತೂಕ, ಎತ್ತರ, ಸೊಂಟದ ಸುತ್ತಳತೆ ಹಾಗೂ ರಕ್ತದೊತ್ತಡವನ್ನು ಅಳೆದು, ಎಎಲ್‌ಟಿ, ಸಕ್ಕರೆ ಮತ್ತು ಕೊಬ್ಬಿನ ಅಂಶಗಳ ರಕ್ತಪರೀಕ್ಷೆ ಮಾಡಲಾಗುತ್ತದೆ. ಉತ್ತರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಎಎಲ್‌ಟಿ ಮೇಲ್ಮಿತಿಯ ಎರಡು ಪಟ್ಟಿಗಿಂತ ಹೆಚ್ಚಾಗಿ ಮೂರು ತಿಂಗಳಿಗೂ ಮೀರಿ ಉಳಿದರೆ ಇತರ ಕಾರಣಗಳನ್ನು ಹುಡುಕಬೇಕು. 80 ಯೂನಿಟ್ ಮೀರಿದ್ದರೆ ಇನ್ನೂ ತುರ್ತಾಗಿ. ಗುಲ್ಮ ದೊಡ್ಡದಾಗಿರುವುದು, ಕಾಮಾಲೆ, ಬೆಳವಣಿಗೆ ನಿಂತಿರುವುದು, ಹಸಿದಾಗ ಸುಸ್ತಾಗಿ ಬೀಳುವುದು, ಬರವಣಿಗೆ ಅಥವಾ ಮಾತು ಕೆಡುವುದು ಇವು ಸಾಮಾನ್ಯ ಕೊಬ್ಬು ಯಕೃತ್ತಿನ ಲಕ್ಷಣಗಳಲ್ಲ. ಇವು ಕಂಡಲ್ಲಿ ತಜ್ಞರನ್ನು ಕೂಡಲೇ ಕಾಣಬೇಕಾಗುತ್ತದೆ.

ಸ್ಥೂಲಕಾಯದಿಂದ ಬಂದ ಕೊಬ್ಬು ಯಕೃತ್ತಿಗೆ ಮಕ್ಕಳಲ್ಲಿ ಅಂಗೀಕೃತವಾದ ಔಷಧಿಯಿಲ್ಲ. 8ರಿಂದ 17 ವರ್ಷದ 173 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಇ ಆಗಲಿ ಮೆಟ್‌ಫಾರ್ಮಿನ್ ಆಗಲಿ ಎಎಲ್‌ಟಿಯನ್ನು ಸ್ಥಿರವಾಗಿ ಇಳಿಸುವುದರಲ್ಲಿ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಆಹಾರ ಬದಲಾವಣೆಗೆ ಉತ್ತಮ ಆಧಾರವಿದೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹದಿಹರೆಯದ 40 ಹುಡುಗರ ಪೈಕಿ ಅರ್ಧದಷ್ಟು ಮಂದಿಗೆ ಎಂಟು ವಾರ ಸೇರಿಸಿದ ಸಕ್ಕರೆಯನ್ನು ಬಹಳ ಮಟ್ಟಿಗೆ ಬಿಡಿಸಿದಾಗ ಅವರ ಯಕೃತ್ತಿನ ಕೊಬ್ಬು ಸರಾಸರಿ ಶೇ. 25ರಿಂದ 17ಕ್ಕೆ ಇಳಿಯಿತು. ಎಂದಿನ ಆಹಾರ ಮುಂದುವರಿಸಿದವರಲ್ಲಿ ಅದು ಶೇ. 21ರಿಂದ 20ಕ್ಕೆ ಮಾತ್ರ ಇಳಿಯಿತು. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯಗಳ ಊಟವನ್ನು ಬದಲಿಸುವ ಅಗತ್ಯ ಚಿತ್ತಾಪುರ ಸೀಮೆಯ ಮಗುವಿಗಿಲ್ಲ. ಬಿಡಬೇಕಾದುದು ತಂಪು ಪಾನೀಯ, ಸಕ್ಕರೆ ಹೆಚ್ಚಿರುವ ಚಹಾ, ಪೊಟ್ಟಣದ ಹಣ್ಣಿನ ರಸ, ಬಿಸ್ಕತ್ತುಗಳನ್ನು. ಬೆಳೆಯುವ ಮಗುವನ್ನು ಉಪವಾಸ ಕೆಡವುವುದು ಚಿಕಿತ್ಸೆಯಲ್ಲ. ಅಪೌಷ್ಟಿಕತೆಯಿಂದ ಕೊಬ್ಬು ಸೇರಿದ್ದಲ್ಲಿ ಕ್ರಮ ಇದಕ್ಕೆ ಪೂರ್ತಿ ವಿರುದ್ಧ: ಅಂತಹ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಿ ಹಂತಹಂತವಾಗಿ ಉಣಿಸಲಾಗುತ್ತದೆ.

ಪರಿಮಾಣಾತ್ಮಕ ವಿಧಾನಗಳು

ಕಣ್ಣಳತೆಯ ದರ್ಜೆಗಳ ಬದಲು ಅಂಕಿಯಲ್ಲಿ ಉತ್ತರ ನೀಡುವ ವಿಧಾನಗಳು ಬಳಕೆಗೆ ಬರುತ್ತಿವೆ. ಯಕೃತ್ತು ಮತ್ತು ಮೂತ್ರಪಿಂಡದ ಬೂದುಬಣ್ಣದ ಮಟ್ಟಗಳ ಅನುಪಾತವನ್ನು ಗಣಕದಿಂದ ಲೆಕ್ಕ ಹಾಕುವುದು ಇವುಗಳಲ್ಲಿ ಸರಳವಾದುದು. ಫೈಬ್ರೊಸ್ಕ್ಯಾನ್ ಯಂತ್ರವು ಧ್ವನಿ ಎಷ್ಟು ಕುಂದಿತೆಂಬುದರಿಂದ ಕೊಬ್ಬನ್ನೂ, ಅಂಗಾಂಶದ ಗಡಸುತನದಿಂದ ನಾರುಗಟ್ಟುವಿಕೆಯನ್ನೂ ಅಂದಾಜಿಸುತ್ತದೆ. ವಯಸ್ಕರಿಗೆ ನಿಗದಿಯಾದ ಗಡಿ ಅಂಕಿಗಳನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು. ಪುಟ್ಟ ಮಕ್ಕಳ ಕಿರಿದಾದ ಎದೆಗೂಡಿಗೆ ಚಿಕ್ಕ ಪ್ರೋಬ್ ಬೇಕಾಗುತ್ತದೆ. ಸೂಜಿ ಚುಚ್ಚದೆ ಕೊಬ್ಬನ್ನು ನಿಖರವಾಗಿ ಅಳೆಯುವಲ್ಲಿ ಎಂಆರ್‌ಐ ಮುಂದಿದ್ದು, ಸಂಶೋಧನೆಗಳಲ್ಲಿ ಅಲ್ಟ್ರಾಸೌಂಡಿನ ಒರೆಗಲ್ಲಾಗಿ ಅದನ್ನು ಬಳಸಲಾಗುತ್ತಿದೆ. ವೆಚ್ಚ ಹೆಚ್ಚು, ಮಗು ಅಲುಗಾಡದೆ ಮಲಗಬೇಕಾಗುತ್ತದೆ. ಉರಿಯೂತವನ್ನು ಖಚಿತಪಡಿಸಲು ಇಂದಿಗೂ ಬಯಾಪ್ಸಿಯೇ ಆಧಾರವಾಗಿದ್ದು, ರೋಗನಿರ್ಣಯ ಸಂದೇಹಾಸ್ಪದವಾಗಿರುವ ಅಥವಾ ರೋಗ ಮುಂದುವರಿದಿರುವ ಶಂಕೆಯಿರುವ ಮಕ್ಕಳಲ್ಲಿ ಅದನ್ನು ಅಲ್ಟ್ರಾಸೌಂಡಿನ ಮಾರ್ಗದರ್ಶನದಲ್ಲಿಯೇ ನಡೆಸಲಾಗುತ್ತದೆ.